ಕೊಪಣ ನಾಡಿನಲ್ಲಿ ಪ್ಲಾಸ್ಟಿಕಿನ ಜಾಡು

ಕೊಪ್ಪಳಕ್ಕೆ ಬರುವ ಪ್ರವಾಸಿಗರು ಮೊದಲು ನೋಡುವುದು ಕೋಟೆಯ ಬೆಟ್ಟವನ್ನು, ಅನಂತರ ಗವಿಮಠವನ್ನು. ಇತಿಹಾಸದಲ್ಲಿ ಆಸಕ್ತಿಯುಳ್ಳವರಾದರೆ ಪಾಲ್ಕಿಗುಂಡನ್ನೂ ಹತ್ತಿ ಅಶೋಕ ಚಕ್ರವರ್ತಿಯ ಬ್ರಾಹ್ಮೀ ಲಿಪಿಯ ಶಾಸನವನ್ನು ಕಂಡುಬರುತ್ತಾರೆ. ಗವಿಮಠದ ಬಂಡೆಯಲ್ಲೊಂದು, ಪಾಲ್ಕಿಗುಂಡಿನಲ್ಲೊಂದು, ಹೀಗೆ ಆ ಮಹಾರಾಜನ ಎರಡು ಶಾಸನಗಳು ಒಂದೇ ಊರಿನಲ್ಲಿ ದೊರೆತಿರುವುದು ವಿಶೇಷವಷ್ಟೆ. ಜೈನರಿಗೆ ಇದು ಮಹಾತೀರ್ಥವಾದ ಕೊಪಣ. ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸಿರುವ ನಾಲ್ಕು ಊರುಗಳಲ್ಲಿ ಇದೂ ಒಂದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಕೊರೆದ ಅಕ್ಷರಗಳು ಇಲ್ಲಿನ ಕಲ್ಲಿನ ಮೇಲೆ ಇನ್ನೂ ಉಳಿದಿವೆ.

ಉಳಿಯುವ ವಸ್ತುಗಳು ಇಲ್ಲಿ ಇನ್ನೂ ಇವೆ. ಊರ ಹೊರಗಿನ ಬಳ್ಳಾರಿ ಜಾಲಿಯ ಪೊದೆಗಳನ್ನು ನೋಡಿರಿ. ಹೂವಿಲ್ಲದ ಕಾಲದಲ್ಲಿಯೂ ಅವು ಬಣ್ಣಬಣ್ಣವಾಗಿ ಕಾಣುತ್ತವೆ. ಹತ್ತಿರ ಹೋದರೆ ಮುಳ್ಳಿಗೆ ಸಿಕ್ಕಿ ಫಡಫಡಿಸುವ ಪ್ಲಾಸ್ಟಿಕ್ ಚೀಲ, ಬಿಸ್ಕತ್ತಿನ ಹೊದಿಕೆ, ಶಾಂಪೂವಿನ ಚೀಟಿ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಈ ನಾಲ್ಕು ಊರುಗಳನ್ನು ಸುತ್ತುವವರು ಗುಡಿ ಗೋಪುರಗಳೊಡನೆ ಈ ಹಾಳೆಯ ಜಾಡನ್ನೂ ಹಿಡಿದು ನಡೆದರೆ, ಸರಕಾರದ ಕಾಯಿದೆಗಳೂ ಕಂಪನಿಗಳ ಪ್ರತಿಜ್ಞೆಗಳೂ ನೆಲಕ್ಕೆ ಎಷ್ಟು ಇಳಿದಿವೆ ಎಂಬುದು ತಾನಾಗಿ ತಿಳಿಯುತ್ತದೆ.

ಮೋಡ್ಕಾ ಅಂಗಡಿಯ ಪಾಠ

ಬೆಂಗಳೂರಿನವರು ಗುಜರಿ ಎನ್ನುವುದನ್ನು ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಮೋಡ್ಕಾ ಎನ್ನುತ್ತಾರೆ. ಮೋಡ್ಕಾ ಅಂಗಡಿಯ ಮುಂದೆ ಕಾಲು ಗಂಟೆ ನಿಂತರೆ ಸಾಕು, ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲವೆಂಬುದು ಮನದಟ್ಟಾಗುತ್ತದೆ. ನೀರಿನ ಬಾಟಲಿಗಳದೊಂದು ರಾಶಿ. ಅವು ಪೆಟ್ ಜಾತಿಯವು. ಚೂರಾಗಿ, ತೊಳೆಯಲ್ಪಟ್ಟು, ಕರಗಿ, ಎಳೆಯಾಗಿ ಕಡೆಗೆ ಪಾಲಿಯೆಸ್ಟರ್ ಬಟ್ಟೆಯ ರೂಪದಲ್ಲಿ ಅಂಗಡಿಗೆ ಮರಳುತ್ತವೆ. ಎಣ್ಣೆಯ ಕ್ಯಾನು, ಒಡೆದ ಬಕೆಟ್ಟು, ಕೊಡ ಇವುಗಳದು ಇನ್ನೊಂದು ರಾಶಿ. ತೊಳೆದ ಹಾಲಿನ ಪ್ಯಾಕೆಟ್ಟುಗಳದು ಮತ್ತೊಂದು. ಪ್ರತಿಯೊಂದಕ್ಕೂ ತೂಕವುಂಟು, ದರವುಂಟು, ಕೊಳ್ಳುವವರುಂಟು.

ಆದರೆ ಚಿಪ್ಸಿನ ಪೊಟ್ಟಣವನ್ನೋ ಶಾಂಪೂ ಚೀಟಿಯನ್ನೋ ತೋರಿಸಿ ಇದನ್ನೇಕೆ ಕೊಳ್ಳುವುದಿಲ್ಲವೆಂದು ಕೇಳಿದರೆ, ಅಂಗಡಿಯವನ ಉತ್ತರ ಎಲ್ಲೆಡೆಯೂ ಒಂದೇ: "ಅದಕ್ಕ ರೊಕ್ಕ ಬರಂಗಿಲ್ರೀ ಅಣ್ಣಾರ. ತಗೊಂಡು ಏನ್ ಮಾಡೋದ್ರೀ?" ಆತನ ಮಾತಿನಲ್ಲಿ ತಪ್ಪಿಲ್ಲ. ಅಂತಹ ಹೊದಿಕೆಯಲ್ಲಿ ಎರಡು ಮೂರು ಬಗೆಯ ಪ್ಲಾಸ್ಟಿಕ್ ಪದರಗಳನ್ನೂ, ಎಷ್ಟೋ ವೇಳೆ ನಡುವೆ ಅಲ್ಯೂಮಿನಿಯಮ್ಮಿನ ತೆಳು ಲೇಪವನ್ನೂ ಸೇರಿಸಿ ಅಂಟಿಸಿರುತ್ತಾರೆ. ತಿಂಡಿ ಮೆತ್ತಗಾಗದಿರಲು ಇದು ಒಳ್ಳೆಯ ಉಪಾಯವೇ. ಆದರೆ ಅಂಟಿಸಿದ ಪದರಗಳನ್ನು ಮತ್ತೆ ಬಿಡಿಸುವುದು ಬಹು ಕಷ್ಟ. ಬಿಡಿಸದೆ ಕರಗಿಸಿದರೆ ಯಾವುದಕ್ಕೂ ಚೆನ್ನಾಗಿ ಒದಗದ ಮುದ್ದೆ. ಸಾಲದುದಕ್ಕೆ ಅದು ಹಗುರ; ಒಂದು ಕಿಲೋ ತೂಗಬೇಕಾದರೆ ಇಡೀ ಓಣಿಯನ್ನು ಗುಡಿಸಬೇಕು.

ಹೀಗೆ ಪ್ಲಾಸ್ಟಿಕ್ ಕಸದಲ್ಲಿ ಬೆಲೆಯುಳ್ಳದ್ದು, ಬೆಲೆಯಿಲ್ಲದ್ದು ಎಂದು ಎರಡು ಬಗೆ. ಮೊದಲನೆಯದನ್ನು ಎತ್ತಿಸಲು ಕಾಯಿದೆ ಬೇಕಿಲ್ಲ. ಹೊಟ್ಟೆಪಾಡಿಗಾಗಿ ಚಿಂದಿ ಆಯುವವರು ಬೆಳಗಾಗುವ ಮೊದಲೇ ಎತ್ತಿರುತ್ತಾರೆ. ಎರಡನೆಯದು ಚರಂಡಿಗೆ, ಹೊಲದ ಬದುವಿಗೆ, ದನದ ಹೊಟ್ಟೆಗೆ. ಇದು ಕೊಪ್ಪಳವೊಂದರ ಕಥೆಯಲ್ಲ. ೨೦೧೫ರವರೆಗೆ ಜಗತ್ತು ಸುಮಾರು ೮೩೦ ಕೋಟಿ ಟನ್ ಪ್ಲಾಸ್ಟಿಕ್ ತಯಾರಿಸಿತ್ತೆಂದು ೨೦೧೭ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅದರಲ್ಲಿ ಕಸವಾದದ್ದು ಸುಮಾರು ೬೩೦ ಕೋಟಿ ಟನ್. ಮರುಬಳಕೆಗೆ ಸಂದದ್ದು ಆ ಕಸದ ನೂರರಲ್ಲಿ ಒಂಬತ್ತು ಪಾಲು ಮಾತ್ರ.

ಹಳ್ಳ ತೊಳೆದ ಊರು

ಕೊಪ್ಪಳದ ಜನ ಕಸದ ಬಗೆಗೆ ಕೈಕಟ್ಟಿ ಕುಳಿತವರಲ್ಲ. ೨೦೧೯ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳ ಮುಂದಾಳುತನದಲ್ಲಿ ಹಿರೇಹಳ್ಳದ ಪುನಶ್ಚೇತನ ನಡೆಯಿತು. ಜಾಲಿಕಂಟಿ, ಹೂಳು, ಕಸ ತುಂಬಿ ಹೆಸರಿಗಷ್ಟೇ ಹಳ್ಳವಾಗಿದ್ದ ಸುಮಾರು ೨೬ ಕಿಲೋಮೀಟರುಗಳ ಪಾತ್ರವನ್ನು ಜನರೇ ನಿಂತು ಸ್ವಚ್ಛಗೊಳಿಸಿದರು. ಸ್ವಾಮಿಗಳೇ ಹಳ್ಳಕ್ಕಿಳಿದ ಮೇಲೆ ಭಕ್ತರು ದಡದಲ್ಲಿ ನಿಲ್ಲುವುದುಂಟೆ? ಅದೇ ವರ್ಷ ಕುಷ್ಟಗಿಯ ಬಳಿಯ ನಿಡಶೇಸಿ ಕೆರೆಗೂ ಇಂತಹುದೇ ಸೇವೆ ಸಂದಿತು.

ಶ್ರಮದಾನ ಹಬ್ಬದಂತೆ, ವರ್ಷಕ್ಕೊಮ್ಮೆ ಬರುವುದು. ಕಸ ಸಂಸಾರದಂತೆ, ನಿತ್ಯದ್ದು. ತೊಳೆದ ಹಳ್ಳಕ್ಕೆ ಮರುದಿನ ಬೆಳಿಗ್ಗೆಯೇ ಊರಿನ ಚರಂಡಿ ಹೊಸ ಕಾಣಿಕೆಯನ್ನು ತರುತ್ತದೆ. ಹಿರೇಹಳ್ಳ ತುಂಗಭದ್ರೆಗೆ ಸೇರುವುದರಿಂದ ಆ ಕಾಣಿಕೆ ನದಿಗೂ ಮುಟ್ಟುತ್ತದೆ. ಆದುದರಿಂದಲೇ ದಿನದಿನದ ಏರ್ಪಾಡು ಬೇಕು. ಅದಕ್ಕೆ ಕಾನೂನು ಬೇಕು.

ಕಾನೂನು ಇಲ್ಲದೆ ಇಲ್ಲ. ೨೦೧೬ರ ಮಾರ್ಚ್ ೧೧ರಂದು ಕರ್ನಾಟಕ ಸರಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬಂಟಿಂಗ್ ಮೊದಲಾದವುಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. ಕೇಂದ್ರ ಸರಕಾರ ಕೈಚೀಲದ ದಪ್ಪವನ್ನು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದೊಂದಂಶದಲ್ಲಿ, ಅಳೆದು ಕನಿಷ್ಠ ಮಿತಿಯನ್ನು ಏರಿಸುತ್ತ ಬಂದಿತು: ೧೯೯೯ರಲ್ಲಿ ೨೦, ೨೦೧೧ರಲ್ಲಿ ೪೦, ೨೦೧೬ರಲ್ಲಿ ೫೦, ೨೦೨೧ರ ಸೆಪ್ಟೆಂಬರ್ ೩೦ರಿಂದ ೭೫, ೨೦೨೨ರ ಡಿಸೆಂಬರ್ ೩೧ರಿಂದ ೧೨೦. ಚೀಲ ದಪ್ಪವಾದಷ್ಟೂ ತೂಕ ಬರುತ್ತದೆ, ತೂಕವಿದ್ದರೆ ಆಯುವವರು ಬಿಡುವುದಿಲ್ಲ ಎಂಬ ಮೋಡ್ಕಾ ಅಂಗಡಿಯ ತರ್ಕವೇ ಇದರ ಹಿಂದೆಯೂ ಇದೆ. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಬಿಸಾಡುವ ಲೋಟ, ತಟ್ಟೆ, ಹೀರುಗೊಳವೆ, ಐಸ್‌ಕ್ರೀಮ್ ಕಡ್ಡಿ ಮುಂತಾದವು ದೇಶದಾದ್ಯಂತ ನಿಷಿದ್ಧವಾದವು.

ಈ ನಿಷೇಧಗಳಲ್ಲಿ ಒಂದು ಸೂಕ್ಷ್ಮವಿದೆ. ಸಂತೆಯಲ್ಲಿ ಕೊತ್ತಂಬರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಡುವ ಮುದುಕಿಯನ್ನು ಅವು ಹಿಡಿಯುತ್ತವೆ. ಕಾರ್ಖಾನೆಯಲ್ಲಿಯೇ ತುಂಬಿ ಮುಚ್ಚಿ ಬರುವ ಪೊಟ್ಟಣಗಳು ಬಹುಮಟ್ಟಿಗೆ ಅವುಗಳ ಕೈಗೆ ಸಿಕ್ಕುವುದಿಲ್ಲ. ಜಾಲಿಯ ಮುಳ್ಳಿನ ಮೇಲೆ ಹಾರುವ ಪತಾಕೆಗಳಲ್ಲಿ ಆ ಪೊಟ್ಟಣಗಳ ಪಾಲು ಸಣ್ಣದಲ್ಲ.

ಕಿನ್ನಾಳದ ಬೊಂಬೆ, ಭಾನಾಪುರದ ಆಟಿಕೆ

ಕೊಪ್ಪಳದಿಂದ ಅರ್ಧ ಗಂಟೆಯೊಳಗೆ ಕಿನ್ನಾಳ ಸೇರಬಹುದು. ಇಲ್ಲಿಯ ಚಿತ್ರಗಾರ ಮನೆತನಗಳವರು ಹಗುರವಾದ ಮರದಲ್ಲಿ ದೇವತೆಗಳನ್ನೂ ಪ್ರಾಣಿಪಕ್ಷಿಗಳನ್ನೂ ಕಡೆಯುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟನ್ನೂ ಹುಣಿಸೆಬೀಜದ ಅಂಟನ್ನೂ ಕಲಸಿದ ಮುದ್ದೆಗೆ ಕಿಟ್ಟ ಎಂದು ಹೆಸರು. ಅದರಿಂದ ಬೊಂಬೆಯ ಮೈ ತುಂಬಿಕೊಳ್ಳುತ್ತದೆ. ಹರಿದ ಗೋಣಿ, ಗರಗಸದ ಕೆಳಗಿನ ಹೊಟ್ಟು, ಹಣ್ಣು ತಿಂದು ಉಗುಳಿದ ಬೀಜ! ಕಸದಿಂದ ದೇವರನ್ನು ಮಾಡುವ ಈ ವಿದ್ಯೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ.

ಅದೇ ಸೀಮೆಯಲ್ಲಿ, ಗದಗಿನ ಹೆದ್ದಾರಿಯ ಭಾನಾಪುರದಲ್ಲಿ, ಏಕಸ್ ಸಂಸ್ಥೆಯ ಆಟಿಕೆ ತಯಾರಿಕಾ ವಲಯಕ್ಕೆ ೨೦೨೧ರಲ್ಲಿ ಶಂಕುಸ್ಥಾಪನೆಯಾಯಿತು. ಅದಕ್ಕೆಂದು ಗೊತ್ತುಮಾಡಿದ ನೆಲ ೪೦೦ ಎಕರೆ. ಮಳೆಯನ್ನೇ ನಂಬಿದ ನಾಡಿಗೆ ಕಾರ್ಖಾನೆಯ ಸಂಬಳ ಬೇಡವೆನ್ನುವವರಾರು? ಅಚ್ಚಿನ ಆಟಿಕೆಯ ಕಾರ್ಖಾನೆಗಳಲ್ಲಿ ಉಳಿಯುವ ತುಂಡು ಶುದ್ಧವಾದ ಒಂದೇ ಜಾತಿಯ ಪ್ಲಾಸ್ಟಿಕ್ ಆಗಿರುವುದರಿಂದ, ಸಾಮಾನ್ಯವಾಗಿ ಅದನ್ನು ಪುಡಿಮಾಡಿ ಮತ್ತೆ ಅಚ್ಚಿಗೆ ಹಾಕಬಹುದು; ಅಲ್ಲಿ ಕಸದ ಚಿಂತೆ ಕಡಮೆ. ಚಿಂತೆ ಆರಂಭವಾಗುವುದು ಮಗು ಅದನ್ನು ಮುರಿದ ದಿನ. ಬಣ್ಣ, ತಿರುಪು, ತಂತಿ, ಬ್ಯಾಟರಿಗಳೊಡನೆ ಬೆರೆತ ಮುರುಕಲು ಆಟಿಕೆಯನ್ನು ಬಿಡಿಸಲು ಮೋಡ್ಕಾ ಅಂಗಡಿಯವನಿಗೆ ಪುರಸತ್ತಿಲ್ಲ. ಪ್ಯಾಕಿಂಗ್ ಪ್ಲಾಸ್ಟಿಕ್ಕಿಗಾಗಿ ಮಾಡಿದ ನಿಯಮ ಆಟಿಕೆಯ ಹೊದಿಕೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಆಟಿಕೆಯನ್ನು ಹಿಡಿಯುವುದಿಲ್ಲ.

ಹೊಲದೊಳಗಿನ ಹಾಳೆ

ಭಾನಾಪುರದಿಂದ ಕುಕನೂರಿನ ಕಡೆಗೆ ಹೊರಳಿದವರು ಇಟಗಿಯ ಮಹಾದೇವ ದೇವಾಲಯವನ್ನು ನೋಡದೆ ಮುಂದೆ ಹೋಗಬಾರದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಈ ಗುಡಿಯನ್ನು ಶಾಸನವು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಅಲ್ಲಿಂದ ಯಲಬುರ್ಗಾ, ಮುಂದೆ ಕುಷ್ಟಗಿ. ೨೦೨೫ರ ಮೇ ತಿಂಗಳಿನಲ್ಲಿ ಕುಷ್ಟಗಿಯವರೆಗೆ ರೈಲು ಓಡತೊಡಗಿದುದರಿಂದ ಈಗ ಕಿಟಕಿಯ ಪಕ್ಕ ಕುಳಿತೇ ಈ ಬಯಲುಸೀಮೆಯನ್ನು ನೋಡಬಹುದು.

ಇದು ಹನಿ ನೀರನ್ನೂ ಎಣಿಸಿ ಬಳಸುವ ನಾಡು. ದಾಳಿಂಬೆಯ ಗಿಡದ ಬುಡಕ್ಕೆ ಪ್ಲಾಸ್ಟಿಕ್ ಕೊಳವೆಯಿಂದ ಹನಿ ನೀರಾವರಿ. ತರಕಾರಿಯ ಮಡಿಯ ಮೇಲೆ ತೇವ ಆರದಂತೆ ತೆಳುವಾದ ಪ್ಲಾಸ್ಟಿಕ್ ಹೊದಿಕೆ. ೨೦೧೪ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳ ತಳಕ್ಕೆ ನೀರು ಇಂಗದಂತೆ ಪಾಲಿಥೀನ್ ಹಾಸು. ಪ್ಲಾಸ್ಟಿಕ್ಕನ್ನು ಬಾಯಿತುಂಬ ಬಯ್ಯುವ ಪಟ್ಟಣಿಗರು ಇದನ್ನು ನೆನಪಿಡಬೇಕು. ಇಲ್ಲಿ ಅದು ಸೋಮಾರಿಯ ಅನುಕೂಲವಲ್ಲ, ಬೆಳೆಯ ಪ್ರಾಣ.

ಆದರೂ ಅದಕ್ಕೆ ಒಂದು ಕಡೆಗಾಲವಿದೆ. ಹಳೆಯ ಕೊಳವೆಗೆ ತೂಕವಿರುವುದರಿಂದ ಕೊಳ್ಳುವವರು ಸಿಕ್ಕುತ್ತಾರೆ. ಮಡಿಯ ಮೇಲಿನ ತೆಳು ಹಾಳೆಯಾದರೋ ಬಿಸಿಲಿಗೆ ಸಿಡಿದು, ಮಣ್ಣು ಮೆತ್ತಿಕೊಂಡು ಯಾರಿಗೂ ಬೇಡವಾಗುತ್ತದೆ. ರಂಟೆ ಹೊಡೆದರೆ ಚೂರಾಗಿ ಮಣ್ಣಿನಲ್ಲಿ ಉಳಿಯುತ್ತದೆ. ಬದುವಿನಲ್ಲಿ ಸುಟ್ಟರೆ ವಿಷದ ಹೊಗೆ. ಅದು ಪ್ಯಾಕಿಂಗ್ ಅಲ್ಲದ ಕಾರಣ ಪೊಟ್ಟಣಗಳ ನಿಯಮದ ಆಚೆಗೇ ನಿಲ್ಲುತ್ತದೆ.

ಸ್ವಚ್ಛ ವಾಹಿನಿಯ ಅಕ್ಕಂದಿರು

೨೦೧೧ರ ಜನಗಣತಿಯಂತೆ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು ೧೩ ಲಕ್ಷ ೯೦ ಸಾವಿರ. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಗಳಲ್ಲಿದ್ದರು. ಅಂದಮೇಲೆ ಇಲ್ಲಿ ಕಸದ ಪ್ರಶ್ನೆ ಇತ್ಯರ್ಥವಾಗಬೇಕಾದುದು ಗ್ರಾಮ ಪಂಚಾಯತಿಯ ಅಂಗಳದಲ್ಲಿ. ಕರ್ನಾಟಕದ ಪಂಚಾಯತಿಗಳಲ್ಲಿ ಈಗ ಸ್ವಚ್ಛ ವಾಹಿನಿ ಎಂಬ ಗಾಡಿಗಳು ಓಡಾಡುತ್ತವೆ. ಅನೇಕ ಕಡೆ ಅವುಗಳನ್ನು ನಡೆಸುವವರು ಸ್ತ್ರೀಶಕ್ತಿ, ಸಂಜೀವಿನಿ ಸ್ವಸಹಾಯ ಗುಂಪುಗಳ ಮಹಿಳೆಯರು. ನಿನ್ನೆಯವರೆಗೆ ಸೈಕಲ್ಲನ್ನೂ ಮುಟ್ಟದಿದ್ದ ಗೃಹಿಣಿ ಇಂದು ಗಾಡಿಯ ಚಕ್ರ ಹಿಡಿದು ಮನೆಮನೆಯ ಒಣಕಸ ತರುತ್ತಾಳೆ. ಸ್ವಚ್ಛ ಸಂಕೀರ್ಣ ಎಂಬ ಕಟ್ಟಡದಲ್ಲಿ ಅದು ಬೇರೆಬೇರೆ ರಾಶಿಯಾಗುತ್ತದೆ.

ಮುಂದಿನ ಪ್ರಶ್ನೆಯೇ ಕಠಿಣ. ವಿಂಗಡಿಸಿದ ಮೇಲೆ ಬೆಲೆಯಿಲ್ಲದ ರಾಶಿ ಹೋಗುವುದೆಲ್ಲಿಗೆ? ದಾರಿಗಳು ಇಲ್ಲದಿಲ್ಲ. ಮದುರೆಯ ತ್ಯಾಗರಾಜರ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು ತೋರಿಸಿಕೊಟ್ಟಂತೆ ಚೂರು ಪ್ಲಾಸ್ಟಿಕ್ಕನ್ನು ಡಾಂಬರಿನೊಡನೆ ಬೆರೆಸಿ ರಸ್ತೆ ಹಾಕಬಹುದು. ಸಿಮೆಂಟಿನ ಗೂಡುಗಳಲ್ಲಿ ಕಲ್ಲಿದ್ದಲಿಗೆ ಬದಲಾಗಿ ಉರಿಸಬಹುದು. ಆದರೆ ಅಂತಹ ಗೂಡುಗಳಿರುವ ವಾಡಿ, ಸೇಡಂಗಳು ಇಲ್ಲಿಂದ ಇನ್ನೂರು ಕಿಲೋಮೀಟರಿಗಿಂತ ದೂರ. ಸಡಿಲವಾದ ಹಾಳೆ ಲಾರಿಯನ್ನು ತುಂಬುತ್ತದೆಯೇ ಹೊರತು ತೂಗುವುದಿಲ್ಲ. ಒತ್ತಿ ಕಟ್ಟುವ ಯಂತ್ರ ಬೇಕು, ಲಾರಿಯ ಬಾಡಿಗೆ ಬೇಕು, ವಿಂಗಡಿಸುವವರಿಗೆ ಕೂಲಿ ಬೇಕು. ಈ ಖರ್ಚು ಯಾರದು?

ಮಾರಿದವರ ಹೊಣೆ

ಈ ಪ್ರಶ್ನೆಗೆ ಉತ್ತರವಾಗಿಯೇ ಕೇಂದ್ರ ಸರಕಾರ ೨೦೨೨ರ ಫೆಬ್ರವರಿ ೧೬ರಂದು ಒಂದು ಮಾರ್ಗಸೂಚಿಯನ್ನು ಹೊರಡಿಸಿತು. ವಿಸ್ತೃತ ಉತ್ಪಾದಕ ಹೊಣೆಗಾರಿಕೆ ಎಂಬುದು ಅದರ ಭಾರವಾದ ಹೆಸರು. ತಾತ್ಪರ್ಯ ಸರಳ: ಸರಕು ಮಾರಿ ಲಾಭ ಪಡೆದವರು ಅದರ ಹೊದಿಕೆಯ ಉತ್ತರಕ್ರಿಯೆಯ ಖರ್ಚನ್ನೂ ಹೊರಬೇಕು. ಉತ್ಪಾದಕರ ಹೊಣೆ ೨೦೨೧-೨೨ರಲ್ಲಿ ನೂರಕ್ಕೆ ೨೫ರಷ್ಟು, ೨೦೨೨-೨೩ರಲ್ಲಿ ೭೦ರಷ್ಟು, ೨೦೨೩-೨೪ರಿಂದ ಪೂರ್ತಿ ೧೦೦ ಎಂದು ಗೊತ್ತುಪಡಿಸಲಾಯಿತು. ಪದರಪದರದ ಹೊದಿಕೆಯಲ್ಲಿ ಮರುಬಳಕೆಗೆ ಸಲ್ಲಬೇಕಾದ ಕನಿಷ್ಠ ಪಾಲು ೨೦೨೪-೨೫ಕ್ಕೆ ಶೇಕಡ ೩೦, ೨೦೨೭-೨೮ಕ್ಕೆ ೬೦. ಅಂದರೆ ಬೆಲೆಯಿಲ್ಲದ ಕಸಕ್ಕೆ ಕಾನೂನಿನ ಮೂಲಕ ಬೆಲೆ ಹುಟ್ಟಿಸುವ ಪ್ರಯತ್ನ. ಜಗತ್ತಿನ ರಾಷ್ಟ್ರಗಳು ೨೦೨೫ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಕುಳಿತು ಪ್ಲಾಸ್ಟಿಕ್ ಒಪ್ಪಂದಕ್ಕೆ ಬರಲಾರದೆ ಎದ್ದವು. ಅದನ್ನು ನೆನೆದರೆ ನಮ್ಮ ದೇಶದ ಈ ನಿಯಮ ಕಡಮೆಯದೇನಲ್ಲ.

ಆದರೆ ಯಲಬುರ್ಗಾದ ಬಯಲಿನಲ್ಲಿ ನಿಂತು ನೋಡಿದಾಗ ಅದರ ಬಿರುಕು ಕಾಣುತ್ತದೆ. ಕಂಪನಿ ತೋರಿಸಬೇಕಾದುದು ಇಷ್ಟು ಟನ್ ಪ್ಲಾಸ್ಟಿಕ್ ಸಂಸ್ಕರಣೆಗೊಂಡಿತೆಂಬ ಪ್ರಮಾಣಪತ್ರವನ್ನು. ಅದನ್ನು ಸಂಸ್ಕರಣ ಘಟಕಗಳಿಂದ ಕೊಳ್ಳಬಹುದು. ನಿಯಮ ಎಣಿಸುವುದು ತೂಕವನ್ನು, ಊರನ್ನಲ್ಲ. ಮಹಾನಗರದಲ್ಲಿ ಒಂದೇ ಬೀದಿಯಲ್ಲಿ ಲಾರಿ ತುಂಬುವಷ್ಟು ಕಸ ಸಿಕ್ಕುವಾಗ, ಹಳ್ಳಿಯಿಂದ ಹಳ್ಳಿಗೆ ಅಲೆದು ಮೂಟೆ ಕೂಡಿಸಲು ಯಾವ ವ್ಯಾಪಾರಿ ಬಂದಾನು? ಪೊಟ್ಟಣ ಮಾರಾಟವಾದದ್ದು ಕುಷ್ಟಗಿಯಲ್ಲಿ, ಲೆಕ್ಕ ತೀರಿದ್ದು ಬೇರೆಲ್ಲೋ. ಹಾಳೆ ಮಾತ್ರ ಜಾಲಿಯ ಮುಳ್ಳಿನ ಮೇಲೆ! ಇದೂ ಸಾಲದೆಂಬಂತೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ೨೦೨೩ರಲ್ಲಿ ಲಕ್ಷಗಟ್ಟಲೆ ಸುಳ್ಳು ಪ್ರಮಾಣಪತ್ರಗಳೇ ಹೊರಬಿದ್ದವು.

ಅಕ್ಕಿಯ ಚೀಲ, ಆನೆಗೊಂದಿಯ ಹರಿಗೋಲು

ಒಣಭೂಮಿಯನ್ನು ದಾಟಿ ಗಂಗಾವತಿಯ ಕಡೆಗೆ ಬಂದರೆ ಕಣ್ಣಿಗೆ ಹಸಿರು. ೧೯೫೩ರಲ್ಲಿ ನದಿಗೆ ಅಣೆಕಟ್ಟು ಬಿದ್ದ ಮೇಲೆ ತುಂಗಭದ್ರಾ ಎಡದಂಡೆಯ ಕಾಲುವೆ ಈ ತಾಲ್ಲೂಕನ್ನು ಭತ್ತದ ಕಣಜವಾಗಿಸಿತು. ಇಲ್ಲಿಯ ಗಿರಣಿಗಳ ಸೋನಾಮಸೂರಿಯನ್ನು ಉಣ್ಣದ ಮನೆ ನಮ್ಮ ಪಟ್ಟಣಗಳಲ್ಲಿ ವಿರಳವೆಂದೇ ಹೇಳಬಹುದು. ಒಂದು ಕಾಲಕ್ಕೆ ಗೋಣಿಯಲ್ಲಿ ಬರುತ್ತಿದ್ದ ಅಕ್ಕಿ ಈಗ ನೇಯ್ದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ನಮ್ಮ ಗೃಹಿಣಿಯರು ಅದನ್ನು ಸುಮ್ಮನೆ ಎಸೆಯುವವರಲ್ಲ. ಹಳೆಯ ಸೀರೆಯನ್ನು ಕೌದಿಯಾಗಿಸುವ ಕೈಗಳು ಅಕ್ಕಿಚೀಲವನ್ನು ಬಿಚ್ಚಿ ಶಾವಿಗೆ, ಸಂಡಿಗೆ ಒಣಗಿಸಲು ಹಾಸುತ್ತವೆ. ಆದರೆ ಬಿಸಿಲುಂಡ ಚೀಲ ಕೆಲವು ತಿಂಗಳುಗಳಲ್ಲಿಯೇ ಎಳೆಎಳೆಯಾಗಿ ಉದುರುತ್ತದೆ. ಆ ಎಳೆಗಳನ್ನು ಮತ್ತೆ ಆಯುವ ಉಪಾಯವಿಲ್ಲ. ಚೀಲ ಗಟ್ಟಿಯಾಗಿರುವಾಗಲೇ ಮೋಡ್ಕಾಕ್ಕೆ ಕೊಡುವುದು ಲೇಸು. ತಮ್ಮ ಹೆಸರಿನಲ್ಲಿ ಸರಕು ಮಾರುವ ಸಣ್ಣ, ಅತಿಸಣ್ಣ ಉದ್ಯಮಗಳಿಗೆ ಮೇಲೆ ಹೇಳಿದ ಹೊಣೆಯಿಂದ ವಿನಾಯಿತಿಯುಂಟು. ಸಣ್ಣವರ ಮೇಲಿನ ಕನಿಕರ ಸರಿಯೇ. ಆದರೆ ಚೀಲಕ್ಕೆ ಆ ಭೇದ ತಿಳಿಯದು.

ಗಂಗಾವತಿಯ ಸಮೀಪದಲ್ಲಿಯೇ ಅಂಜನಾದ್ರಿ. ಹನುಮಂತನ ಜನ್ಮಸ್ಥಳವೆಂದು ನಂಬಿ ೫೭೫ ಮೆಟ್ಟಿಲು ಹತ್ತುವ ಭಕ್ತರ ಕೈಯಲ್ಲೆಲ್ಲ ನೀರಿನ ಬಾಟಲಿ. ಬಾಟಲಿ ಆಯುವವರ ಚೀಲ ಸೇರುತ್ತದೆ. ಅದರ ಜೊತೆಗೆ ತಂದ ತಿಂಡಿಯ ಹೊದಿಕೆ ಬಂಡೆಯ ಸಂದಿಗೆ. ಬೆಟ್ಟದ ಬುಡದಿಂದ ಸ್ವಲ್ಪವೇ ದೂರದ ಆನೆಗೊಂದಿಯಲ್ಲಿ ಶಮಾ ಪವಾರ್ ಅವರು ೧೯೯೭ರಲ್ಲಿ ಸ್ಥಾಪಿಸಿದ ಕಿಷ್ಕಿಂದಾ ಟ್ರಸ್ಟ್ ಬಾಳೆಯ ನಾರಿನಿಂದ ಚೀಲ, ಬುಟ್ಟಿಗಳನ್ನು ಮಾಡುವ ಕೆಲಸವನ್ನು ಮಹಿಳೆಯರಿಗೆ ಕಲಿಸಿತು. ಊರಿನ ಕಸದ ನಿರ್ವಹಣೆಯನ್ನೂ ತನ್ನ ಕಾರ್ಯಗಳಲ್ಲೊಂದಾಗಿ ಮಾಡಿಕೊಂಡಿತು. ನದಿಯಲ್ಲಿ ತಿರುಗುವ ಹರಿಗೋಲನ್ನೂ ಗಮನಿಸಬೇಕು. ಬಿದಿರಿನ ಹಂದರಕ್ಕೆ ಹಿಂದೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಉಪಯೋಗವಿರುವಲ್ಲಿ ಪ್ಲಾಸ್ಟಿಕ್ಕನ್ನು ಯಾರೂ ಬಿಸಾಡುವುದಿಲ್ಲ.

ಆಗಬೇಕಾದುದೇನು?

ಉಡುಪಿ ಜಿಲ್ಲೆಯ ಕಾರ್ಕಳದ ಬಳಿ ನಿಟ್ಟೆಯಲ್ಲಿ ಹತ್ತಾರು ಪಂಚಾಯತಿಗಳ ಒಣಕಸವನ್ನು ಒಂದೆಡೆ ತಂದು, ದಿನಕ್ಕೆ ೧೦ ಟನ್ನಿನವರೆಗೆ ವಿಂಗಡಿಸಿ ಒತ್ತಿ ಕಟ್ಟಬಲ್ಲ ಘಟಕವನ್ನು ಸ್ಥಾಪಿಸಿದ್ದಾರೆ. ಒಂಟಿ ಪಂಚಾಯತಿಗೆ ಕೈಗೆಟುಕದ ಯಂತ್ರವೂ ಮಾರುಕಟ್ಟೆಯೂ ಒಕ್ಕೂಟಕ್ಕೆ ಎಟುಕುತ್ತವೆ. ಬಯಲುಸೀಮೆಯ ನಮ್ಮ ನಾಲ್ಕು ಊರುಗಳಿಗೂ ಸಲ್ಲುವ ಪಾಠವಿದು. ಕಂಪನಿಗಳು ಸ್ಥಳೀಯ ಸಂಸ್ಥೆಗಳೊಡನೆ ಒಡಂಬಡಿಕೆ ಮಾಡಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಅವಕಾಶವಿದ್ದರೆ ಸಾಲದು. ಒಂದು ಜಿಲ್ಲೆಯಲ್ಲಿ ಮಾರಿದ ಹೊದಿಕೆಯ ಪಾಲಿನ ಹಣದಲ್ಲಿ ಒಂದಂಶವಾದರೂ ಆ ಜಿಲ್ಲೆಯ ಪಂಚಾಯತಿಗೇ ಸಲ್ಲಬೇಕೆಂದು ಅದು ಕಡ್ಡಾಯವಾಗಬೇಕು. ಹಾಗಾದಲ್ಲಿ ಬಿಸ್ಕತ್ತಿನ ಹೊದಿಕೆಗೂ ಕುಷ್ಟಗಿಯಲ್ಲಿ ಒಂದು ದರ ನಿಲ್ಲುತ್ತದೆ, ಗಾಡಿಯ ಅಕ್ಕನಿಗೆ ತಿಂಗಳ ಸಂಬಳ ತಪ್ಪದೆ ಬರುತ್ತದೆ. ದರ ನಿಂತ ವಸ್ತು ಮುಳ್ಳಿನ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ.

ಅಲ್ಲಿಯವರೆಗೆ ಗೃಹಿಣಿಯರು ಮಾಡಬಹುದಾದ ಒಂದು ಚಿಕ್ಕ ಕೆಲಸವಿದೆ. ಹಾಲಿನ ಪ್ಯಾಕೆಟ್ಟನ್ನು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡರಿಸದೆ ಅದಕ್ಕೇ ಅಂಟಿಕೊಂಡಿರುವಂತೆ ಬಿಡಬೇಕು. ಪ್ಯಾಕೆಟ್ಟಿಗೆ ಬೆಲೆಯುಂಟು; ಬೆರಳಿನುಗುರಿನಷ್ಟು ತುಂಡಿಗೆ ಇಲ್ಲ, ಅದು ನೇರವಾಗಿ ಚರಂಡಿಯ ಪಾಲು. ತೊಳೆದು ಒಣಗಿಸಿ ಇಟ್ಟ ಪ್ಯಾಕೆಟ್ಟುಗಳ ಕಟ್ಟನ್ನು ಗಾಡಿ ಬಂದಾಗ ಕೈಗೇ ಕೊಟ್ಟರೆ, ವಿಂಗಡಿಸುವಾಕೆಯ ಅರ್ಧ ಶ್ರಮ ಉಳಿಯುತ್ತದೆ. ಮನೆಯಿಂದ ಹೊರಡುವ ಕಸವನ್ನು ಇನ್ನೊಬ್ಬ ಹೆಂಗಸು ಬರಿಗೈಯಿಂದ ಮುಟ್ಟುತ್ತಾಳೆಂಬ ನೆನಪೊಂದಿದ್ದರೆ, ಉಳಿದ ಶಿಸ್ತೆಲ್ಲ ತಾನಾಗಿ ಬರುತ್ತದೆ.